ಹೊಗೆಕೊಳವೆಯಲ್ಲಿ ತೆಂಗಿನ ಸಿಪ್ಪೆ

ಇವತ್ತು ಬೆಳಿಗ್ಗೆ ಕದ್ವಾಡದಲ್ಲಿ ಪಕ್ಕದ ಮನೆಯವರ ಹಳೇ ಟೆಂಪೋ ಚಳಿಗೆ ಸ್ಟಾರ್ಟೇ ಆಗಲಿಲ್ಲ. ಡೀಸೆಲ್ ವಾಸನೆ ಮೂಗಿಗೆ ಬಡಿದದ್ದೇ ನಾನು ಮತ್ತೆ ಅಪ್ಪನ ದೋಣಿಯಲ್ಲಿದ್ದೆ.

ನಾನು ಶಾಲೆಗೆ ಹೋಗುತ್ತಿದ್ದ ದಿನಗಳವು. ಸಂಜೆ ದೋಣಿ ಕಟ್ಟಿದ ಮೇಲೆ ಉಪ್ಪುಗಾಳಿ ಹೋಗದಂತೆ ಇಂಜಿನ್ನಿನ ಹೊಗೆಕೊಳವೆಗೆ ಬಟ್ಟೆ ತುರುಕುವುದು ನನ್ನ ಕೆಲಸವಾಗಿತ್ತು. ಬೆಳಿಗ್ಗೆ ಅಪ್ಪ ಅದನ್ನು ಕಿತ್ತುಹಾಕುತ್ತಿದ್ದ. ಒಂದು ದಿನ ಬಟ್ಟೆ ಸಿಗದೆ ತೆಂಗಿನ ಸಿಪ್ಪೆಯನ್ನೇ ಆಳಕ್ಕೆ ತುರುಕಿಬಿಟ್ಟೆ, ಮಹಾ ಬುದ್ಧಿವಂತೆ! ಮರುದಿನ ಬಟ್ಟೆ ಕಾಣದ್ದರಿಂದ ಕೊಳವೆ ತೆರೆದೇ ಇದೆಯೆಂದುಕೊಂಡ ಅಪ್ಪ, ರಜೆಯೆಂದು ನನ್ನನ್ನೂ ಕೂರಿಸಿಕೊಂಡು, ಇಳಿತದ ನೀರಿನಲ್ಲಿ ದೋಣಿಯನ್ನು ಹೊಳೆ ಕಡಲು ಸೇರುವ ಅಳಿವೆಯವರೆಗೆ ತೇಲಿಬಿಟ್ಟ. ಅಲ್ಲಿ ಹ್ಯಾಂಡಲ್ ತಿರುಗಿಸಿದ. ಇಂಜಿನ್ ಹತ್ತಲಿಲ್ಲ.

"ಬಿಳಿ ಹೊಗೆ ಬಂದಿದ್ರೆ ಚಳಿ ಹಿಡ್ದದೆ ಅನ್ಬಹುದಿತ್ತು. ಹೊಗೆನೇ ಇಲ್ಲ, ಡೀಸೆಲ್ಲೇ ಬರ್ತಾ ಇಲ್ಲ ಕಾಣ್ತದೆ," ಎನ್ನುತ್ತ ಪೈಪಿನ ನಟ್ಟು ಸಡಿಲಿಸಿದ. ಡೀಸೆಲ್ ಚಿಮ್ಮಿತು. ಹಾಗಾದರೆ ತೊಂದರೆ ಎಲ್ಲಿದೆಯೆಂದು ಅಪ್ಪನಿಗೆ ತಿಳಿಯಲಿಲ್ಲ. ಸೆಳೆತ ನಮ್ಮನ್ನು ಬಂಡೆಗಳತ್ತ ಒಯ್ಯುತ್ತಿತ್ತು.

ನನಗೆ ಸಿಪ್ಪೆಯ ನೆನಪು ಆಗಲೇ ಬಂದಿತ್ತು. ಆದರೆ ಬಂಡೆಗಿಂತ ಅಪ್ಪನ ಬೈಗುಳದ ಹೆದರಿಕೆಯೇ ಹೆಚ್ಚಾಗಿತ್ತು. ಬಂಡೆಗೆ ಬಡಿದ ಅಲೆಯ ನೊರೆ ಮೈಮೇಲೆ ಸಿಡಿದಾಗಷ್ಟೇ ಬಾಯಿಬಿಟ್ಟೆ.

"ಅಪ್ಪಾ, ಕೊಳವೆಯಲ್ಲಿ ಸಿಪ್ಪೆ ಅದೆ. ನಾನೇ ತುರುಕಿದ್ದು."

ಅಪ್ಪ ಚೂರಿಯಿಂದ ಸಿಪ್ಪೆ ಎಳೆದು ತೆಗೆದ. ಮತ್ತೆ ಹ್ಯಾಂಡಲ್ ತಿರುಗಿಸಿದಾಗ ಇಂಜಿನ್ ಬಿಳಿ ಹೊಗೆ ಕಾರುತ್ತ ಹತ್ತಿತು. ದೋಣಿ ಬಂಡೆಯಿಂದ ದೂರ ಬಂದ ಮೇಲೂ ಅವನು ಬೈಯಲಿಲ್ಲ.

"ನಂಗೆ ಅಷ್ಟು ಹೆದರ್ತಿಯೇನೇ ಮಗಾ?" ಎಂದ. ನನ್ನನ್ನು ಹತ್ತಿರ ಎಳೆದು ಕೂರಿಸಿಕೊಂಡ.

ಇವತ್ತು ಯಾರೂ ಕೇಳದೆಯೇ ಹೋಗಿ ಟೆಂಪೋದ ಹೊಗೆಕೊಳವೆಗೆ ಬೆರಳು ಹಾಕಿ ನೋಡಿದೆ. ಒಳಗೆ ಏನೂ ಇರಲಿಲ್ಲ. ಆದರೂ ಇನ್ನೊಮ್ಮೆ ಬೆರಳು ಹಾಕಿ ನೋಡಿದೆ.