ಖಣಿಗೆ ಹೋದ ಕೆರೆಮಣ್ಣು

ಮನೆ ಕಟ್ಟಲು ಹೊರಟವನಿಗೆ ಕಬ್ಬಿಣ, ಸಿಮೆಂಟು, ಇಟ್ಟಿಗೆಯ ಖರ್ಚನ್ನು ಕೇಳದಿದ್ದರೂ ಹೇಳುವವರಿದ್ದಾರೆ. ಅಗೆದ ಮಣ್ಣನ್ನು ಎಸೆಯಲೂ ದುಡ್ಡು ಕೊಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಶಿಗ್ಗಾಂವದ ಅಂಚಿನಲ್ಲಿದ್ದ ನಮ್ಮ ಜಾಗಕ್ಕೆ ಬಂದ ಇಂಜಿನಿಯರು ಬೂಟಿನ ತುದಿಯಿಂದ ನೆಲ ಕೆದರಿ ನೋಡಿದ.

"ಇದು ಹೊರಗಿಂದ ತಂದು ಹಾಕಿದ ಮಣ್ಣರಿ. ಬುನಾದಿ ತಡಿಯೂದಿಲ್ಲ. ಗಟ್ಟಿ ನೆಲ ಸಿಗೂತನಕ ತಗಸ್ರಿ, ಆಮ್ಯಾಲೆ ಗರಸು ತುಂಬ್ರಿ."

ತೆಗೆದದ್ದನ್ನು ಏನು ಮಾಡಲಿ ಎಂದರೆ, "ಅದನ್ನ ನೀವ ನೋಡ್ಕೋಬೇಕ್ರಿ" ಎಂದು ನಕ್ಕ. ನನಗೆ ಮೈಯೆಲ್ಲ ಉರಿಯಿತು.

ಆ ಮಣ್ಣು ಹೊರಗಿನಿಂದ ಬಂದದ್ದೇನೋ ನಿಜ. ತಂದವನು ಅಪ್ಪ. ಪಾಲಾಗಿ, ಮಾರಾಟವಾಗಿ, ಹೊಲವೆಲ್ಲ ಪ್ಲಾಟುಗಳಾದ ಮೇಲೆ ನಮಗೆ ಉಳಿದದ್ದು ಈ ಒಂದು ಮೂಲೆ. ಮೊದಲು ಇದು ಬರೀ ತಗ್ಗು, ಕಲ್ಲುಹರಳಿನ ಗರಸು ನೆಲ. ಹುಲ್ಲೂ ಸರಿಯಾಗಿ ಹುಟ್ಟುತ್ತಿರಲಿಲ್ಲವಂತೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಪ್ಪ ಚಕ್ಕಡಿ ಕಟ್ಟಿ ಹೂಳು ಹೇರಿಕೊಂಡು ಬರುತ್ತಿದ್ದ. ಒಂದೆರಡು ಬೇಸಿಗೆಯಲ್ಲ, ಎತ್ತುಗಳ ಜೋಡಿ ಬದಲಾದರೂ ಈ ಕೆಲಸ ಬದಲಾಗಲಿಲ್ಲ. ಆ ಮಣ್ಣಿನಲ್ಲಿ ಕೆರೆಯ ಬಸವನಹುಳುಗಳ ಬಿಳಿ ಚಿಪ್ಪುಗಳಿರುತ್ತಿದ್ದವು, ಜೋಳದ ಕಾಳಿನಷ್ಟು ಸಣ್ಣವು. ಮುಂದೆ ಅದೇ ಮೂಲೆಯಲ್ಲಿ ಮೆಣಸಿನಕಾಯಿ ಎಷ್ಟು ಚೆನ್ನಾಗಿ ಬಂತೆಂದರೆ, ಅಪ್ಪ ಬಂದವರಿಗೆಲ್ಲ ಮೊದಲು ಆ ಮೂಲೆಯನ್ನೇ ತೋರಿಸುತ್ತಿದ್ದ.

ಜೆಸಿಬಿ ಬಂದ ದಿನ ಅಪ್ಪ ಬೆಳಿಗ್ಗೆಯೇ ಬಂದು ಕಲ್ಲಿನ ಮೇಲೆ ಕುಳಿತಿದ್ದ. ಟ್ರ್ಯಾಕ್ಟರಿನವನ ಜೊತೆ ನಾನು ಒಂದೊಂದು ಹೇರಿಗೂ ಜಗ್ಗಾಡುತ್ತಿದ್ದೆ. ಹೈವೇ ಆಚೆಗಿನ ಹಳೆಯ ಕಲ್ಲಿನ ಖಣಿಗೆ ಸುರಿದರೆ ಒಂದು ದರ, ದೂರ ಹೋದರೆ ಅದರ ಮೂರು ಪಟ್ಟು. ಅಪ್ಪ ನನ್ನನ್ನು ಬದಿಗೆ ಕರೆದ.

"ತಮ್ಮಾ, ಮಣ್ಣು ಅಕ್ಕನ ಹೊಲಕ್ಕ ಹಾಕಸಪ್ಪಾ. ಅಕೀದು ಮಸಾರಿ ಹೊಲ, ಹಸಿ ನಿಲ್ಲೂದಿಲ್ಲ."

ಅಕ್ಕನನ್ನು ಕೊಟ್ಟದ್ದು ಸವಣೂರಿನ ಕಡೆಯ ಹಳ್ಳಿಗೆ. ನಾನು ಸಿಡುಕಿದೆ.

"ಅಲ್ಲೀತನಕ ಒಂದು ಹೇರಿಗೆ ಎಷ್ಟ ಕೇಳ್ತಾರ ಗೊತ್ತೈತೇನು? ಮಣ್ಣಿಗೆ ಯಾರರ ಅಷ್ಟು ರೊಕ್ಕ ಕೊಡ್ತಾರೇನಪ್ಪಾ?"

"ಹೌದಪಾ. ಮಣ್ಣಿಗೆ ಯಾರು ಕೊಡ್ತಾರ," ಎಂದು ಅಪ್ಪ ಮತ್ತೆ ಕಲ್ಲಿನ ಮೇಲೆ ಕುಳಿತ. ಸಂಜೆ ಕೊನೆಯ ಹೇರು ಖಣಿಗೆ ಹೋಗುವವರೆಗೂ ಏಳಲಿಲ್ಲ.

ಅದೇ ವಾರ ಅದೇ ತಗ್ಗಿಗೆ ಗರಸು ತರಿಸಿದೆ. ಕೇಳಿದಷ್ಟು ಕೊಟ್ಟೆ, ಜಗ್ಗಾಡಲಿಲ್ಲ. ಅಪ್ಪ ವರ್ಷಗಟ್ಟಲೆ ಮುಚ್ಚಿದ್ದ ಗರಸು ನೆಲವನ್ನೇ ನಾನು ದುಡ್ಡು ಕೊಟ್ಟು ವಾಪಸು ತಂದಂತಾಯಿತು. ಆಗ ಅದು ಹೊಳೆಯಲಿಲ್ಲ. ಮನೆ ಕಟ್ಟುವವನಿಗೆ ಲಿಂಟಲು, ಸ್ಲ್ಯಾಬು ಬಿಟ್ಟರೆ ತಲೆಯಲ್ಲಿ ಬೇರೇನೂ ಇರುವುದಿಲ್ಲ.

ಕೆಲವು ದಿನಗಳ ನಂತರ ಮಧ್ಯಾಹ್ನದ ಊಟಕ್ಕೆ ಅಪ್ಪ ಬರಲಿಲ್ಲ. ಹುಡುಕಿಕೊಂಡು ಹೋದರೆ ಖಣಿಯ ದಂಡೆಯಲ್ಲಿ ಸಿಕ್ಕ. ಒಡೆದ ಟೈಲ್ಸು, ಕೋಳಿ ಪುಕ್ಕ, ಪ್ಲಾಸ್ಟಿಕ್ಕಿನ ನಡುವೆ ಕುಕ್ಕರಗಾಲಲ್ಲಿ ಕುಳಿತು, ಖಾಲಿ ಗೊಬ್ಬರದ ಚೀಲಕ್ಕೆ ಕೈಯಿಂದ ಮಣ್ಣು ತುಂಬುತ್ತಿದ್ದ. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು.

"ಏನಿದು? ನೋಡಿದ ಮಂದಿ ಏನಂದಾರು?"

"ನನ್ನ ಮಣ್ಣ ಗುರ್ತ ಸಿಗತೈತೋ ಇಲ್ಲೋ ಅಂತ ನೋಡಾಕ ಬಂದಿದ್ದೆ," ಎಂದು ಅಂಗೈ ಬಿಚ್ಚಿದ. ಎರಡು ಬಿಳಿ ಚಿಪ್ಪುಗಳಿದ್ದವು. "ಸಿಕ್ತು ನೋಡು."

ಅಪ್ಪನನ್ನೂ ಚೀಲವನ್ನೂ ಬೈಕಿನ ಮೇಲೆ ಕೂರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಬೈದೆ. ಹೊಸ ಮನೆಗೆ ಹೋದಾಗಲೂ ಆ ಚೀಲ ಅಪ್ಪನ ಮಂಚದ ಕೆಳಗೆ ಬಂದು ಕುಳಿತಿತು. ಟೈಲ್ಸ್ ಹೊಲಸಾಗುತ್ತದೆಂದು ಅದರ ಕೆಳಗೆ ಪೇಪರು ಹಾಸಿದವನು ನಾನೇ. ಯಾಕೆ ಇಟ್ಟುಕೊಂಡಿದ್ದೀ ಎಂದು ಒಮ್ಮೆಯೂ ಕೇಳಲಿಲ್ಲ.

ಆ ಮನೆಯಲ್ಲಿ ಅಪ್ಪ ಒಂದು ಮಳೆಗಾಲ ಕಳೆದ. ಚಳಿಗಾಲದ ಒಂದು ಬೆಳಿಗ್ಗೆ ಏಳಲಿಲ್ಲ.

ನಮ್ಮಲ್ಲಿ ಹೂಳುತ್ತಾರೆ. ಕುಣಿಯಲ್ಲಿ ಕೂರಿಸಿ, ವಿಭೂತಿ, ಪತ್ರಿ ಏರಿಸಿದ ಮೇಲೆ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಬೇಕು. ಮೊದಲ ಹಿಡಿ ಮಗನದು. ನಾನು ಬಗ್ಗುವಷ್ಟರಲ್ಲಿ ಅಕ್ಕ ಮಂಚದ ಕೆಳಗಿನ ಆ ಗೊಬ್ಬರದ ಚೀಲ ಹೊತ್ತು ತಂದು ಮುಂದಿಟ್ಟಳು.

"ಇದನ್ನ ಹಾಕು ತಮ್ಮಾ. ಕಡೀಕ ನನ್ನ ಮ್ಯಾಲ ಇದ ಮಣ್ಣ ಹಾಕ್ರಿ ಅಂತ ಅಪ್ಪ ನನ್ನ ಕಡೆ ಮಾತು ತಗೊಂಡಿದ್ದ."

"ನನಗ ಯಾಕ ಹೇಳಲಿಲ್ಲ?"

"ನೀ ಸಿಟ್ಟ ಮಾಡ್ತೀ ಅಂದ."

ಚೀಲದ ಬಾಯಿ ತೆರೆದಿತ್ತು. ಕರಿಮಣ್ಣಿನಲ್ಲಿ ಅಲ್ಲಲ್ಲಿ ಬಿಳಿ ಚಿಪ್ಪುಗಳು ಕಾಣುತ್ತಿದ್ದವು. ಅದರೊಳಗೆ ಕೈ ಹಾಕುವ ಮುಖ ನನಗಿರಲಿಲ್ಲ. ಅಕ್ಕನಿಗೆ ನೀನೇ ಹಾಕು ಎಂದು ಸನ್ನೆ ಮಾಡಿ, ಕುಣಿಯ ಪಕ್ಕ ಅಗೆದು ಹಾಕಿದ್ದ ಗುಡ್ಡೆಯಿಂದ ಒಂದು ಹಿಡಿ ಗರಸು ತೆಗೆದುಕೊಂಡು ಹಾಕಿದೆ.