ಕತೆಗೆ ಬಿದ್ದ ಒತ್ತು

ಬೇರೆಯವರ ತಪ್ಪು ಹುಡುಕುವುದೇ ನನ್ನ ನೌಕರಿ. ಬ್ಯಾಂಕಿನ ಶಾಖೆಗಳ ತಪಾಸಣೆಗೆಂದು ಸೂರತ್, ವಡೋದರಾ, ಅಹಮದಾಬಾದ್ ಎಂದು ರೈಲಿನಲ್ಲಿ ಓಡಾಡುತ್ತ, ಯಾವ ಕಾಗದದಲ್ಲಿ ಸಹಿ ಇಲ್ಲ, ಯಾವುದರಲ್ಲಿ ತಾರೀಖು ಬಿದ್ದಿಲ್ಲ ಎಂದು ಬರೆದು ಕೊಡುತ್ತೇನೆ. ಈ ಚಟ ಮನೆಯವರೆಗೂ ಬಂದಿದೆ. ಹೋಟೆಲಿನ ಫಲಕದಲ್ಲಿ ಒಂದು ಅಕ್ಷರ ತಪ್ಪಿದ್ದರೆ ನನಗೆ ದೋಸೆ ಗಂಟಲಲ್ಲಿ ಇಳಿಯುವುದಿಲ್ಲ. ಧಾರವಾಡದಲ್ಲಿ ಕನ್ನಡ ಕಲಿಸಿದ ಮಾಸ್ತರರು ಲಘು ಗುರು ತಪ್ಪಿದರೆ ಬೆರಳ ಗೆಣ್ಣಿನ ಮೇಲೆ ಅಳತೆಪಟ್ಟಿಯಿಂದ ಬಾರಿಸುತ್ತಿದ್ದರು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಿಯಮ ನನಗೆ ಆ ಗೆಣ್ಣಿನ ಮೂಲಕವೇ ಗೊತ್ತಾದದ್ದು.

ಮಗಳು ಸೂರತ್ತಿನಲ್ಲಿ ಹುಟ್ಟಿದಳು, ವಡೋದರಾದಲ್ಲಿ ಶಾಲೆಗೆ ಸೇರಿದಳು, ಅಹಮದಾಬಾದಿನ ಬಡಾವಣೆಯಾದ ಬೋಪಾಲ್‌ನಲ್ಲಿ ದೊಡ್ಡವಳಾದಳು. ಗುಜರಾತಿ ಅವಳ ಗೆಳತಿಯರ ಭಾಷೆ, ಹಿಂದಿ ಲಿಫ್ಟಿನ ಭಾಷೆ, ಇಂಗ್ಲಿಷು ಶಾಲೆಯದು. ಕನ್ನಡ ಊಟಕ್ಕೆ ಕರೆಯುವ ಭಾಷೆ. ಓದಲು ಬರುತ್ತಿರಲಿಲ್ಲ, ಆದರೆ ಚಟಪಟ ಮಾತಾಡುತ್ತಿದ್ದಳು. ಳಕಾರ ಚೊಕ್ಕವಾಗಿತ್ತು, ಗುಜರಾತಿಯಲ್ಲೂ ಅದು ಇದೆಯಲ್ಲ. ಎಡವುತ್ತಿದ್ದದ್ದು ಒತ್ತಕ್ಷರಕ್ಕೆ. ಬೆಲ್ಲ ಅವಳ ಬಾಯಲ್ಲಿ ಬೆಲ, ಕಣ್ಣು ಕಣು. ನಾನು ಪ್ರತಿ ಸಲವೂ ತಿದ್ದುತ್ತಿದ್ದೆ.

"ತಿನ್ಲಿ ಬಿಡ್ರೀ," ಎನ್ನುತ್ತಿದ್ದಳು ಹೆಂಡತಿ. "ಬಾಯಾಗ ಬೆಲ್ಲಾ ಕರಗಿದ ಮ್ಯಾಲೆ ಒತ್ತು ಎಲ್ಲಿ ಉಳೀತದ?"

ನಾಲ್ಕು ವರ್ಷದ ಹಿಂದೆ ಇಲ್ಲಿನ ಕನ್ನಡ ಸಂಘದ ನವೆಂಬರ್ ಕಾರ್ಯಕ್ರಮಕ್ಕೆ ಮಕ್ಕಳ ಹಾಡೊಂದು ಬೇಕಾಗಿತ್ತು. ಇದ್ದ ಹಾಡುಗಳೆಲ್ಲ ಹಳತಾಗಿವೆ ಎಂದು ಹೇಳಿ ನಾನೇ ಒಂದು ಬರೆದೆ. ರಾಗವೂ ನನ್ನದೇ. ಅದರ ಪಲ್ಲವಿ ಹೀಗಿತ್ತು: 'ಅಜ್ಜಿ ಹೇಳಿದ ಕತೆ, ಇನ್ನೂ ನಮ್ಮನೆಯಲೇ ಇದೆ.' ಇದನ್ನು ಹಾಡಬೇಕಾದವಳು ನನ್ನ ಮಗಳು. ಅವಳಿಗೆ ಆಗ ಹದಿನಾಲ್ಕು. ಪಿಯಾನೋ ಕಲಿಯುತ್ತಿದ್ದಳು, ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿಯನ್ನು ಪೇಪರ್ ಓದಿದಷ್ಟು ಸಲೀಸಾಗಿ ಓದುತ್ತಿದ್ದಳು. ಅವಳಿಗೆ ನನ್ನ ಅಕ್ಷರ ಬಾರದು, ನನಗೆ ಅವಳ ಗೆರೆ ಬಾರದು. ಕೊನೆಗೆ ನಾನೇ ಗೆರೆ ಕಲಿಯುವುದೆಂದು ತೀರ್ಮಾನವಾಯಿತು.

ಅವಳೇ ನನ್ನ ಲ್ಯಾಪ್‌ಟಾಪಿಗೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟಳು, ತನ್ನ ಕೀಬೋರ್ಡನ್ನು ಅದಕ್ಕೆ ಜೋಡಿಸಿದಳು. ನಾನು ಒಂದೇ ಬೆರಳಿನಲ್ಲಿ ನುಡಿಸಿದ್ದು ತೆರೆಯ ಮೇಲೆ ಬಣ್ಣದ ಪಟ್ಟಿಗಳಾಗಿ ಬಿತ್ತು. ಒಂದು ಗುಂಡಿ ಒತ್ತಿದರೆ ಪಟ್ಟಿಗಳೆಲ್ಲ ಸ್ವರಲಿಪಿಯಾದವು. ನನ್ನ ಬೆರಳು ತಾಳಕ್ಕಿಂತ ಒಂದು ಕೂದಲೆಳೆ ಹಿಂದೆ ಬಿದ್ದಲ್ಲೆಲ್ಲ ಅದು ಪ್ರಾಮಾಣಿಕವಾಗಿ ಒಂದೊಂದು ಚಿಕ್ಕ ಮೌನದ ಗುರುತು ಹಾಕಿತ್ತು.

"ಅಪ್ಪಾ, ಇದು ಹಾಡಲ್ಲ, ಇರುವೆ ಸಾಲು," ಎಂದು ಮಗಳು ಬಿದ್ದು ಬಿದ್ದು ನಕ್ಕಳು. ಎಲ್ಲವನ್ನೂ ಆಯ್ದು ತಾಳಕ್ಕೆ ಕೂರಿಸುವುದು ಹೇಗೆ, ಗೆರೆಯ ಮೇಲೆ ಸ್ವರವನ್ನು ಎತ್ತಿ ಇಳಿಸುವುದು ಹೇಗೆ ಎಂದು ತೋರಿಸಿದಳು. ತಲೆ ತುಂಬಿ ಕಪ್ಪಾಗಿರುವ ಸ್ವರ ಬೇಗ ಮುಗಿಯುತ್ತದೆ, ತಲೆ ಟೊಳ್ಳಾದದ್ದು ಹೆಚ್ಚು ಹೊತ್ತು ನಿಲ್ಲುತ್ತದೆ ಎಂದಳು. ಹೆಡ್ ಆಫೀಸಿನಲ್ಲೂ ಹಾಗೇ ಎಂದೆ ನಾನು. ಅವಳಿಗೆ ಅದು ತಿಳಿಯಲಿಲ್ಲ, ಆದರೂ ನಕ್ಕಳು.

ಅಷ್ಟರಲ್ಲಿ ನನಗೆ ಹತ್ತು ದಿನ ಸೂರತ್ತಿನ ಪಾಂಡೇಸರಾದ ಶಾಖೆಗೆ ಹೋಗಬೇಕಾಯಿತು. ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳ ನಡುವೆ ಇರುವ ಶಾಖೆ ಅದು. ಬೆಳಿಗ್ಗೆ ಶಾಖೆ ತೆರೆಯುವ ಮೊದಲು ಗೆಸ್ಟ್ ಹೌಸಿನಲ್ಲಿ ಚಹಾ ಪಕ್ಕಕ್ಕಿಟ್ಟುಕೊಂಡು ಹಾಡಿಗೆ ಪದ ಕೂಡಿಸಿದೆ. ಪ್ರತಿ ಸ್ವರದ ಕೆಳಗೆ ಒಂದು ಚಿಕ್ಕ ಜಾಗ ಬರುತ್ತದೆ. ಅಲ್ಲಿ ಒಂದು ಉಚ್ಚಾರದಷ್ಟು ಬರೆದು ಅಡ್ಡಗೆರೆ ಒತ್ತಿದರೆ ಅದು ಮುಂದಿನ ಸ್ವರಕ್ಕೆ ಹೋಗುತ್ತದೆ. ಮಗಳಿಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಅವಳ ಒತ್ತಿನ ಸಮಸ್ಯೆಗೂ ಒಂದು ಉಪಾಯ ಹೊಳೆಯಿತು. 'ಅಜ್ಜಿ'ಯನ್ನು 'ಅ' ಮತ್ತು 'ಜ್ಜಿ' ಎಂದು ಒಡೆಯದೆ, 'ಅಜ್' ಒಂದು ಸ್ವರಕ್ಕೆ, 'ಜಿ' ಮುಂದಿನದಕ್ಕೆ. 'ಇನ್' ಮತ್ತು 'ನೂ'. 'ನಮ್' ಮತ್ತು 'ಮ'. ಬರೆದದ್ದನ್ನು ಬರೆದಂತೆ ಹಾಡಿದರೆ ಒತ್ತು ತಪ್ಪಿಸಿಕೊಂಡು ಹೋಗುವ ಹಾಗೇ ಇರಲಿಲ್ಲ. ಮಾಸ್ತರರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಎಂದುಕೊಂಡೆ. ತಪಾಸಣೆಯ ವರದಿಯ ಹಾಗೆ ಎರಡು ಸಲ ಓದಿ, ಮಗಳ ಫೋನಿಗೆ ಕಳಿಸಿದೆ.

ಅವಳು ಅದನ್ನು ಪ್ರಿಂಟ್ ತೆಗೆಸಿಕೊಂಡು, ಕೋಣೆಯ ಬಾಗಿಲು ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅಭ್ಯಾಸ ಮಾಡಿದಳು. ಅವ್ವನಿಗೂ ಕೇಳಿಸಲಿಲ್ಲ. ಅಪ್ಪ ಬಂದ ಮೇಲೆ ಎಲ್ಲರೂ ಒಟ್ಟಿಗೇ ಕೇಳಿ ಎಂದಳಂತೆ. ನಾನು ಕಾರ್ಯಕ್ರಮದ ದಿನ ಬೆಳಗಿನ ರೈಲಿಗೆ ಬಂದು, ಸ್ಟೇಷನ್ನಿನಿಂದ ನೇರ ಸಭಾಂಗಣಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆ.

ಚೆನ್ನಾಗಿ ಹಾಡಿದಳು. ಅಜ್ಜಿಯಲ್ಲಿ ಒತ್ತು ಸರಿಯಾಗಿ ಬಿತ್ತು. ನಾನು ಪಕ್ಕದವರ ಮುಖ ನೋಡಿದೆ. ಆಮೇಲೆ ಅವಳು, ಕೈ ಮುಂದೆ ಚಾಚಿ, 'ಅಜ್ಜಿ ಹೇಳಿದ ಕತ್ತೆ, ಇನ್ನೂ ನಮ್ಮನೆಯಲೇ ಇದೆ' ಎಂದು ಹಾಡಿದಳು.

ಮೊದಲು ನಕ್ಕವನು ನಾನು. ತಪ್ಪು ಮೊದಲು ನನ್ನ ಕಿವಿಗೇ ಬೀಳುತ್ತದೆ. ಅದು ನನ್ನ ಕಸುಬು. ನಾನು ನಕ್ಕದ್ದರಿಂದಲೇ ಮಿಕ್ಕವರಿಗೂ ಹೊಳೆಯಿತೇನೋ, ಇಡೀ ಸಭಾಂಗಣ ನಕ್ಕಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಒತ್ತು ಹಿಡಿಯದ ಅವಳ ಕಿವಿಗೆ ಏನು ತಪ್ಪಾಯಿತೆಂದು ಗೊತ್ತಾಗಲಿಲ್ಲ. ಪಲ್ಲವಿ ಇನ್ನೂ ಎರಡು ಸಲ ಬರಬೇಕಿತ್ತು, ಎರಡು ಸಲವೂ ಕತ್ತೆಯೇ ಬಂತು. ಧ್ವನಿ ಸಣ್ಣದಾಯಿತು, ಆದರೆ ಹಾಡನ್ನು ಮುಗಿಸಿಯೇ ಇಳಿದಳು. ಮೈಸೂರು ಕಡೆಯ ಸ್ನೇಹಿತರೊಬ್ಬರು ನನ್ನ ಭುಜ ತಟ್ಟಿ, "ಯಾರ್ರೀ ಅದು, ನಿಮ್ಮನೇಲಿರೋ ಕತ್ತೆ?" ಎಂದು ಕೇಳಿದರು. ಅದಕ್ಕೂ ನಾನು ನಕ್ಕೆ.

ಕಾರಿನಲ್ಲಿ ಪಾಠ ಶುರು ಮಾಡಿದೆ. "ಕತೆಗೆ ಒತ್ತಿಲ್ಲವ್ವಾ. ಬೆಲ್ಲಕ್ಕ ಹಾಕಂದ್ರ ಹಾಕೂದಿಲ್ಲ, ಬ್ಯಾಡಾದಲ್ಲಿ ಹಾಕ್ತಿ. ಒಂದ ಅಕ್ಷರಕ್ಕ ಮರ್ಯಾದಿ ಹೋಗ್ತದ ನೋಡು." ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಹೆಂಡತಿ, "ಸಾಕ ಮಾಡ್ರೀ," ಎಂದಳು.

ಅಂದಿನಿಂದ ಅವಳು ಕನ್ನಡ ಮಾತಾಡಲಿಲ್ಲ. ಶಪಥವೇನೂ ಮಾಡಲಿಲ್ಲ, ಬಾಗಿಲು ಧಡಾರನೆ ಹಾಕಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಬರುತ್ತಿತ್ತು, ಅಷ್ಟೇ. ಅಪ್ಪಾ ಹೋಗಿ ಪಪ್ಪಾ ಆದೆ. ಧಾರವಾಡದಿಂದ ನನ್ನ ತಾಯಿ ಫೋನ್ ಮಾಡಿದರೆ ಮೊದಲು ಅರ್ಧ ಗಂಟೆ ಹರಟುತ್ತಿದ್ದವಳು, ಈಗ ಹೂಂ ಹಾಂ ಎಂದು ಫೋನನ್ನು ಅವ್ವನ ಕೈಗೆ ಕೊಡುತ್ತಿದ್ದಳು. "ಕೂಸಿಗೆ ನನ್ನ ಮ್ಯಾಲೆ ಸಿಟ್ಟೇನೋ?" ಎಂದು ತಾಯಿ ನನ್ನನ್ನು ಕೇಳಿದಳು. ಓದುವುದು ಬಹಳ ಇದೆ ಎಂದೆ. ಕೇಳಿದ ಮಿಕ್ಕವರಿಗೆ, ಹೊರನಾಡಿನಲ್ಲಿ ಬೆಳೆದ ಮಕ್ಕಳು ಹೀಗೇ, ಏನು ಮಾಡಲಾಗುತ್ತದೆ ಎಂದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಬೇಸರವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬೇಸರಕ್ಕೆ ಕಾರಣ ಅವಳು ಎಂದೇ ತಿಳಿದಿದ್ದೆ.

ಮೊನ್ನೆ ಸಂಘದ ಕಾರ್ಯದರ್ಶಿಯವರು ಫೋನ್ ಮಾಡಿದರು. "ಆ ಕತ್ತೆ ಹಾಡು ಇದೆಯಲ್ಲ, ಈ ಸಲ ಎಂಟು ಮಕ್ಕಳ ಕೈಲಿ ಹಾಡಿಸೋಣ ಸಾರ್. ಸ್ವಲ್ಪ ಶ್ರುತಿ ಇಳಿಸಿಕೊಡಿ." ಮಗಳು ಈಗ ವಡೋದರಾದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಶನಿವಾರ ಬರುತ್ತಾಳೆ. ಅವಳನ್ನು ಕೇಳುವ ಧೈರ್ಯವಾಗದೆ ನಾನೇ ಹಳೆಯ ಫೈಲು ತೆರೆದೆ. ಎಲ್ಲ ಸ್ವರಗಳನ್ನೂ ಆಯ್ದು ಕೆಳಮುಖದ ಬಾಣ ಎರಡು ಸಲ ಒತ್ತಿದೆ. ಸ್ವರಗಳು ಒಟ್ಟಿಗೇ ಕೆಳಗೆ ಇಳಿದವು. ಪದಗಳು ಮಾತ್ರ ಇದ್ದಲ್ಲೇ ಇದ್ದವು. ಅಭ್ಯಾಸಬಲದಿಂದ ಅವನ್ನು ಒಂದು ಸಲ ಓದಿದೆ.

ಅಜ್, ಜಿ. ಹೇ, ಳಿ, ದ. ಕತ್, ತೆ.

ಮೊದಲು ಸಾಫ್ಟ್‌ವೇರಿನ ಮೇಲೆ ಸಂಶಯಪಟ್ಟೆ. ಫೋನಿನಲ್ಲಿ ಅಂದು ಕಳಿಸಿದ್ದ ಪ್ರತಿಯನ್ನು ಹುಡುಕಿ ತೆಗೆದೆ. ಅದರಲ್ಲೂ ಹಾಗೇ ಇತ್ತು. 'ಕ' ಮೇಲಿದ್ದ ಸ್ವರ ಟೊಳ್ಳು ತಲೆಯದು, ಎರಡು ಮಾತ್ರೆಯದು. ಅಜ್ಜಿ, ಇನ್ನೂ, ನಮ್ಮ ಎಂದು ಒಡೆಯುತ್ತ ಬಂದ ಕೈ, ಉದ್ದ ಸ್ವರ ಕಂಡದ್ದೇ ಗುರು ಎಂದುಕೊಂಡು ಅಲ್ಲೂ ಒಂದು ತಕಾರವನ್ನು ಕಟ್ಟಿಬಿಟ್ಟಿತ್ತು. ಪಲ್ಲವಿಯನ್ನು ನಕಲು ಮಾಡಿ ಮೂರು ಕಡೆ ಅಂಟಿಸಿದ್ದರಿಂದ ಮೂರು ಕಡೆಯೂ ಕತ್ತೆ. ಎರಡು ಸಲ ಓದಿ ಕಳಿಸಿದ್ದೆ ನಾನು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ತೋರಿಸಿದವನ ಗಾದೆಯನ್ನು ಎಷ್ಟು ಶಾಖೆಗಳಲ್ಲಿ ಹೇಳಿಲ್ಲ! ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಸಣ್ಣ ಧ್ವನಿಯಲ್ಲಿ ಹಾಡು ಮುಗಿಸಿದ ಆ ಹುಡುಗಿಯನ್ನು ನೆನೆದು ಸಂಕಟವಾಯಿತು.

ಶನಿವಾರ ಮಗಳು ಬಂದಳು. ಊಟವಾದ ಮೇಲೆ ಕರೆದು ತೆರೆಯ ಮೇಲಿನ ಆ ಜಾಗಕ್ಕೆ ಬೆರಳಿಟ್ಟೆ.

"ಪತಾ ಹೈ, ಪಪ್ಪಾ," ಎಂದಳು. ಗೊತ್ತಿದೆಯಂತೆ.

ಎದ್ದು ಹೋಗಿ ಪಿಯಾನೋ ಪುಸ್ತಕದೊಳಗಿಂದ ಒಂದು ಹಾಳೆ ತಂದಳು. ಆ ಪದದ ಸುತ್ತ ಪೆನ್ಸಿಲಿನಲ್ಲಿ ಸುತ್ತು ಹಾಕಿತ್ತು. ಕತೆಗೆ ಒತ್ತಿಲ್ಲ ಎಂದು ನಾನು ಕಾರಿನಲ್ಲಿ ಹೇಳಿದ್ದೆನಲ್ಲ, ಮನೆಗೆ ಬಂದದ್ದೇ ಹಾಳೆ ತೆಗೆದು ನೋಡಿದ್ದಳು.

"ಅವತ್ತ ಯಾಕ ಹೇಳಲಿಲ್ಲ?" ಎಂದು ಕೇಳಿದೆ.

"ಆಪ್ ಹಸ್ ರಹೇ ಥೇ." ನೀವು ನಗುತ್ತಿದ್ದಿರಿ. ಹೇಳಿದ್ದರಲ್ಲಿ ಸಿಟ್ಟು ಇರಲಿಲ್ಲ.

"ತಪ್ಪು ನಂದವ್ವಾ," ಎಂದೆ. "ನಾ ಬರದದ್ದ ನೀ ಹಾಡಿದಿ. ನಕ್ಕಾವನೂ ನಾನ."

ನಾನು ಮೊದಲ ಪಲ್ಲವಿಯಲ್ಲಿ ಆ ಸ್ವರದ ಕೆಳಗೆ ಕರ್ಸರ್ ಇಟ್ಟು ಆ ಹೆಚ್ಚಿನ ತಕಾರ ಅಳಿಸಿದೆ. ಎರಡನೆಯ ಕಡೆ ಅಳಿಸಿದೆ, ಮೂರನೆಯ ಕಡೆ ಅಳಿಸಿದೆ. ಅವಳು ಕುರ್ಚಿ ಎಳೆದುಕೊಂಡು ಕೂತು, ನನ್ನ ಕೈಯಿಂದ ಮೌಸ್ ತೆಗೆದುಕೊಂಡು ಪಲ್ಲವಿ ನುಡಿಸಿದಳು. ತಿದ್ದುವ ಮೊದಲು ಹೇಗಿತ್ತೋ ಹಾಗೇ ಕೇಳಿಸಿತು. ಸಾಫ್ಟ್‌ವೇರಿಗೆ ಬರುವುದು ಸ್ವರ ಮಾತ್ರ, ಕತೆಯೂ ಕತ್ತೆಯೂ ಅದಕ್ಕೆ ಒಂದೇ. ಮುಗಿದ ಮೇಲೆ ಮಗಳು ತೆರೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಅಪ್ಪಾ," ಎಂದಳು. "ಕತ್ತೆ ಇನ್ನೂ ನಮ್ಮನೆಯಲೇ ಇದೆ."

ಎಲ್ಲ ಒತ್ತುಗಳೂ ಇರಬೇಕಾದಲ್ಲೇ ಇದ್ದವು. ತಿದ್ದುವಂಥದ್ದೇನೂ ಇರಲಿಲ್ಲ.