ಕತ್‌ಬರ್ಟ್ ಹೆಡ್ಲಿಗೆ ಅನುಮಾನ ಬಂದದ್ದು

ಕತ್‌ಬರ್ಟ್ ಹೆಡ್ಲಿ ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ಮೂಗಿನ ಕೆಳಗೆ ಹಿಡಿದು ತೋರಿಸಿದರೆ, ಅದು ಬೇರೆ ಮೊಲದ್ದು ಅನ್ನುತ್ತಿದ್ದ. ಬ್ಲ್ಯಾಕ್‌ಹೋಪ್ ಊರಿನ ಕಲ್ಲಿದ್ದಲ ಗಣಿ ಮುಚ್ಚುವವರೆಗೂ ಅದರೊಳಗೆ ದುಡಿದವನು. ಆಮೇಲೆ ಹಿತ್ತಿಲಲ್ಲಿ ಲೀಕ್ ಬೆಳೆಯುತ್ತಾ ಕೂತ. ಲೀಕ್ ಎಂದರೆ ಈರುಳ್ಳಿಯ ದೊಡ್ಡಣ್ಣ. ಬೇರೆ ಕಡೆ ಜನ ಅದನ್ನು ಸೂಪು ಮಾಡಿ ಕುಡಿಯುತ್ತಾರೆ. ಡರ್‌ಹಮ್ ಸೀಮೆಯ ಗಣಿಯವರು ಮಗುವಿನ ಹಾಗೆ ಸಾಕಿ, ಚಳಿಗೆ ಮುಂಚೆ ಪಬ್ಬಿನ ಮೇಜಿನ ಮೇಲೆ ಮಲಗಿಸಿ ಅದರ ಸುತ್ತಳತೆ ತೆಗೆಸುತ್ತಾರೆ. ಗೆದ್ದವನು ಮುಂದಿನ ವರ್ಷದವರೆಗೆ ಎದೆಯುಬ್ಬಿಸಿ ಓಡಾಡುತ್ತಾನೆ.

ಒಂದು ವರ್ಷ ಸ್ಪರ್ಧೆಯ ಹಿಂದಿನ ದಿನ ಯಾರೋ ಕತ್‌ಬರ್ಟನ ಹಿತ್ತಿಲಿಗೆ ನುಗ್ಗಿ ಲೀಕ್‌ಗಳನ್ನೆಲ್ಲ ಚಾಕುವಿನಿಂದ ಸೀಳಿ ಹೋದರು.

"ಅನುಮಾನವೇ ಇಲ್ಲ. ನಾರ್ಮನ್ನನದೇ ಕೆಲಸ," ಅಂದ ಕತ್‌ಬರ್ಟ್.

ನಾರ್ಮನ್ ರೇನ್ ಅವನ ಹೆಂಡತಿ ಎಫೀಯ ಸ್ವಂತ ತಮ್ಮ, ಅದೇ ಬೀದಿಯವನು. ಆ ವರ್ಷ ಗೆದ್ದವನೂ ಅವನೇ. ಇನ್ನೇನು ಬೇಕು? ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ, ಕತೆಯಿಲ್ಲ. ಪಾಪ, ಎಫೀ ಈ ವಯಸ್ಸಿನಲ್ಲಿ ಕಳ್ಳಪ್ರೇಮಿಯ ಹಾಗೆ ಬಸ್‌ಸ್ಟ್ಯಾಂಡಿನ ಹಿಂದೆ ನಿಂತು ತಮ್ಮನನ್ನು ಮಾತಾಡಿಸಬೇಕಾಯಿತು.

ಈಗ ನಾರ್ಮನ್ನನ ಮಗಳು ಇಸೊಬೆಲ್‌ಗೆ ಮದುವೆ ಗೊತ್ತಾಗಿತ್ತು. ಎಫೀ ಎತ್ತಿ ಆಡಿಸಿದ ಕೂಸು ಅದು.

"ಮದುವೆಗೆ ಹೋಗೋಣ ಕಣ್ರೀ, ನಿಮ್ಮ ದಮ್ಮಯ್ಯ."

"ನೀನು ಹೋದ್ರೆ ಹೋಗು. ವಾಪಸ್ ಬಂದಾಗ ಬಾಗಿಲು ತೆಗೀತೀನಿ ಅಂತ ಮಾತ್ರ ತಿಳ್ಕೋಬೇಡ."

ಎಫೀ ಅಡುಗೆಮನೆಯಲ್ಲಿ ಅತ್ತಳು. ಕತ್‌ಬರ್ಟ್ ರೇಡಿಯೋ ಜೋರು ಮಾಡಿದ. ನನಗೆ ಸಿಟ್ಟು ಬರುವುದು ಇಂಥವರ ಮೇಲೆಯೇ.

ಮದುವೆಯ ವಾರದಲ್ಲೇ ಅವನಿಗೆ ಜ್ಯೂರಿ ಕೆಲಸಕ್ಕೆ, ಅಂದರೆ ಕೋರ್ಟಿನಲ್ಲಿ ಕೂತು ತೀರ್ಪು ಹೇಳುವ ಹನ್ನೆರಡು ಊರವರಲ್ಲಿ ಒಬ್ಬನಾಗಲು, ಕರೆ ಬಂತು. ಕತ್‌ಬರ್ಟ್ ಹಿಗ್ಗಿ ಹೀರೇಕಾಯಿಯಾದ. ತಪ್ಪು ಯಾರದೆಂದು ನೋಡಿದ ತಕ್ಷಣ ಹೇಳುವವನಿಗೆ ಸರ್ಕಾರವೇ ಕುರ್ಚಿ ಹಾಕಿ ಕರೆದಿತ್ತು. ಶವಸಂಸ್ಕಾರಕ್ಕೆಂದು ಇಟ್ಟಿದ್ದ ಟೈ ಕಟ್ಟಿಕೊಂಡು ಹೊರಟ.

ಕೇಸು ಕುರಿಯ ತೊಡೆಯದು. ಭಾನುವಾರ ಒಂದು ಪಬ್ಬಿನ ಅಡುಗೆಮನೆಯಿಂದ, ಒಲೆಯಿಂದ ಇಳಿಸಿದ್ದ ಇಡೀ ತೊಡೆ ಮಾಯವಾಗಿತ್ತು. ಆರೋಪಿ ಟೆರೆನ್ಸ್ ಪೈಬಸ್. ಸಣ್ಣ ಕೋರ್ಟಿನಲ್ಲೇ ಮುಗಿಸಿಕೊಳ್ಳಬಹುದಿತ್ತು. ಆದರೆ ಆ ಮನುಷ್ಯ, "ಹನ್ನೆರಡು ಜನ ಕೂತು ನನ್ನ ಮಾನ ತೀರ್ಮಾನ ಮಾಡ್ಲಿ, ಅದು ನನ್ನ ಹಕ್ಕು," ಎಂದು ಹಟ ಹಿಡಿದಿದ್ದ. ಅವನು ಹಿಂಬಾಗಿಲ ಬಳಿ ಇದ್ದದ್ದನ್ನು ಒಬ್ಬಳು ನೋಡಿದ್ದಳು, ಪಬ್ಬಿನವನಿಗೂ ಅವನಿಗೂ ಎಣ್ಣೆ ಸೀಗೇಕಾಯಿ, ಪೈಬಸನ ಮೀಸೆಯಲ್ಲಿ ಗ್ರೇವಿ ಇತ್ತು. ಇಷ್ಟೇ ಸಾಕ್ಷಿ. ಅವನು ಹೆಸರು ಹೇಳುವಷ್ಟರಲ್ಲೇ ಕತ್‌ಬರ್ಟ್ ಮನಸ್ಸಿನಲ್ಲಿ ಅವನನ್ನು ಜೈಲಿಗೆ ಕಳಿಸಿಯಾಗಿತ್ತು.

ಕೊನೆಗೆ ನ್ಯಾಯಾಧೀಶೆ ಕನ್ನಡಕ ಕಳಚಿ ಜ್ಯೂರಿಯ ಕಡೆ ತಿರುಗಿದರು. "ಇವರು ನಿರಪರಾಧಿ ಅಂತ ಇವರು ಸಾಬೀತು ಮಾಡಬೇಕಾಗಿಲ್ಲ. ಅಪರಾಧಿ ಅಂತ ಸರ್ಕಾರದ ವಕೀಲರು ನಿಮಗೆ ಖಚಿತ ಮಾಡ್ಸಬೇಕು. ಇರಬಹುದು ಅನ್ನೋದು ಸಾಲದು. ಬಹುಶಃ ಅನ್ನೋದೂ ಸಾಲದು. ಖಚಿತವಾಗಿದ್ರೆ ಅಪರಾಧಿ ಅನ್ನಿ, ಇಲ್ಲದಿದ್ರೆ ಬಿಟ್ಟುಬಿಡಿ." ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎನ್ನುವುದನ್ನೇ ಆಯಮ್ಮ ಕಾನೂನಿನ ಬಾಯಲ್ಲಿ ಹೇಳಿದ್ದು.

ಊಟ ಮುಗಿಸಿ ಹನ್ನೆರಡು ಜನ ಒಳಕೋಣೆಗೆ ಹೋದರು. ಹನ್ನೊಂದು ಜನ ಬಿಟ್ಟುಬಿಡೋಣ ಅಂದರು.

"ಬಿಡೋದಾ? ಜಗಳ ಇತ್ತು, ಹತ್ತಿರದಲ್ಲೇ ಇದ್ದ, ಲಾಭ ಆಯ್ತು. ಅನುಮಾನವೇ ಇಲ್ಲ!" ಎಂದು ಕತ್‌ಬರ್ಟ್ ಮೇಜು ಗುದ್ದಿದ.

ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಡೊರೀನ್ ಅವನನ್ನೇ ನೋಡಿ, "ಅಣ್ಣಾ, ಆ ಪಬ್ಬಿನವನನ್ನ ಕಂಡ್ರೆ ನನಗೂ ಆಗಲ್ಲ. ಆ ಹಿಂಬಾಗಿಲ ಮುಂದೇನೇ ನಾನು ದಿನಾ ಓಡಾಡೋದು. ಇನ್ನು ಗ್ರೇವಿ ಅಂದ್ರೆ..." ಎಂದು ತುಟಿ ಕಚ್ಚಿ ನಕ್ಕಳು. "ನಿಮ್ಮ ಟೈ ನೋಡ್ಕೊಳ್ಳಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಕತ್‌ಬರ್ಟ್ ಟೈ ಮುಟ್ಟಿಕೊಂಡ. ಕೋರ್ಟಿನ ಕ್ಯಾಂಟೀನಿನ ಗ್ರೇವಿ ಬೆರಳಿಗೆ ಅಂಟಿತು. ಕೋಣೆಯೆಲ್ಲ ನಕ್ಕಿತು, ಅವನೊಬ್ಬ ನಗಲಿಲ್ಲ. ಜಗಳ ಇತ್ತು, ಹತ್ತಿರದಲ್ಲೇ ಇದ್ದ, ಲಾಭ ಆಯ್ತು. ಈ ಮಾತುಗಳನ್ನೇ ಅಲ್ಲವೇ ತಾನು ಎಫೀಗೆ ಹೇಳುತ್ತಾ ಬಂದದ್ದು? ಅವನಿಗೆ ಕುರಿತೊಡೆ ಮರೆತೇಹೋಯಿತು.

ಸಂಶಯ ಬಂದರೆ ಚೀಟಿ ಬರೆದು ಕೇಳಬಹುದು ಎಂದು ನ್ಯಾಯಾಧೀಶೆ ಹೇಳಿದ್ದರು. ಅವನು ಬರೆದು ಕಳಿಸಿಯೇಬಿಟ್ಟ. ಅಂಥ ಚೀಟಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾರೆಂಬುದು ಮಾತ್ರ ಆ ಮಹಾನುಭಾವನಿಗೆ ಗೊತ್ತಿರಲಿಲ್ಲ.

ಮತ್ತೆ ಎಲ್ಲರನ್ನೂ ಕೂರಿಸಿ ನ್ಯಾಯಾಧೀಶೆ ಓದಿದರು: "'ಇಂಥವನೇ ತಪ್ಪು ಮಾಡಿದ್ದು ಅಂತ ಬಹಳ ವರ್ಷದಿಂದ ಹೇಳ್ತಾ ಬಂದಿದ್ರೆ ಅದು ಖಚಿತದ ಲೆಕ್ಕಕ್ಕೆ ಬರುತ್ತಾ? ಲೀಕ್‌ಗಳ ವಿಚಾರ.'" ಚೀಟಿಯ ಹಿಂಬದಿಯನ್ನೂ ನೋಡಿದರು. "ಈ ಕೇಸಿನಲ್ಲಿ ಲೀಕ್ ಇದೆಯೇ?"

ಸರ್ಕಾರದ ವಕೀಲ ಎದ್ದು ಕಾಗದವನ್ನೆಲ್ಲ ತಿರುವಿದ. "ಆಲೂಗಡ್ಡೆ ಇದೆ ಮಹಾಸ್ವಾಮಿ. ಲೀಕ್ ಇಲ್ಲ."

ಮೇಲೆ ಸಾರ್ವಜನಿಕರ ಬೆಂಚಿನಲ್ಲಿ ಗಂಡನ ವೈಭವ ನೋಡಲು ಬಂದಿದ್ದ ಎಫೀಯ ಕೈಯಿಂದ ಹೆಣಿಗೆ ಜಾರಿ ಬಿತ್ತು.

"ಲೀಕ್ ವಿಚಾರ ಈ ಕೋರ್ಟಿಗೆ ಸೇರಿದ್ದಲ್ಲ," ಅಂದರು ನ್ಯಾಯಾಧೀಶೆ. "ಆದ್ರೆ ಕೇಳಿದ್ದೀರಿ, ಹೇಳ್ತೀನಿ. ಎಷ್ಟು ವರ್ಷದಿಂದ ನಂಬಿದ್ದೀರಿ ಅನ್ನೋದು ಸಾಕ್ಷಿ ಅಲ್ಲ."

ಪೈಬಸ್ ಬಿಡುಗಡೆಯಾದ. ಮನೆಗೆ ಹೋಗುವ ಬಸ್ಸಿನಲ್ಲಿ ಎಫೀ ಮೆಲ್ಲಗೆ, "ಆ ಚೀಟಿ..." ಅಂದಳು.

"ಜ್ಯೂರಿ ಕೋಣೆ ಮಾತು ಹೊರಗೆ ಆಡಿದ್ರೆ ಜೈಲು ಕಣೇ, ಸುಮ್ನಿರು," ಎಂದು ಗದರಿ ಕತ್‌ಬರ್ಟ್ ಕಿಟಕಿಯಾಚೆ ನೋಡುತ್ತಾ ಕೂತ. ಬಸ್ಸಿಳಿದವನು ತನ್ನ ಮನೆ ದಾಟಿ ಹೋಗಿ ನಾರ್ಮನ್ನನ ಬಾಗಿಲು ಬಡಿದ. ಎಫೀ ಹಿಂದೆ ನಿಂತಳು.

ನಾರ್ಮನ್ ಚಪ್ಪಲಿಗಾಲಲ್ಲಿ ಬಂದು ಬಾಗಿಲು ತೆಗೆದ.

"ನೋಡು," ಅಂದ ಕತ್‌ಬರ್ಟ್, ಭಾವಮೈದುನನ ಚಪ್ಪಲಿ ನೋಡುತ್ತಾ. "ನನ್ನ ಲೀಕ್ ಸೀಳಿದ್ದು ಬಹುಶಃ ನೀನೇ. ಆದ್ರೆ ಬಹುಶಃ ಸಾಲದಂತೆ. ಅದಕ್ಕೇ ನಿನ್ನನ್ನ ಬಿಟ್ಟಿದ್ದೀನಿ. ತೀರ್ಪು ಆಯ್ತು."

ನಾರ್ಮನ್ ಅಕ್ಕನನ್ನು ನೋಡಿದ, ಭಾವನನ್ನು ನೋಡಿದ. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಭಾವಾ, ಇಷ್ಟು ದಿನ ಎದೆ ಮೇಲೆ ಕಲ್ಲು ಇಟ್ಕೊಂಡಿದ್ದೆ. ಅವತ್ತು ಕುಡಿದಿದ್ದೆ, ಹೊಟ್ಟೆಕಿಚ್ಚು ಬೇರೆ. ನಾನೇ ಭಾವಾ, ನಾನೇ..."

ಕತ್‌ಬರ್ಟ್ ಎರಡೂ ಕಿವಿಗೆ ಬೆರಳು ತುರುಕಿಕೊಂಡ. ಮುಖ ಕೆಂಪಾಗಿತ್ತು. ಇಷ್ಟು ವರ್ಷ ಕಾದಿದ್ದ ಮಾತು ಕೊನೆಗೂ ಬಂದಿತ್ತು, ತಾನು ಹೇಳಿದ್ದೇ ಸರಿ ಎಂದು ಬೀದಿಗೆಲ್ಲ ಕೂಗಿ ಹೇಳಬಹುದಿತ್ತು. ಬೆನ್ನ ಹಿಂದೆ ಎಫೀ ಬಿಕ್ಕುತ್ತಿದ್ದಳು.

"ಬಾಯಿ ಮುಚ್ಚೋ, ಕತ್ತೆ!" ಎಂದು ಕಿರುಚಿದ. "ತೀರ್ಪಾದ ಮೇಲೆ ಸಾಕ್ಷಿ ಹೇಳೋ ಹಾಗಿಲ್ಲ! ಮದುವೆ ಎಷ್ಟೊತ್ತಿಗೆ, ಅದನ್ನ ಹೇಳು."